ಕರೆಪ್ಪ ಆರಿಸಿದ ಪೋರ್ಟೇಬಲ್

‘ಪೋರ್ಟೇಬಲ್’ ಎಂದರೆ ಎತ್ತಿಕೊಂಡು ಓಡಾಡಬಹುದಾದದ್ದು ಎಂದು ತಿಳಿದವರು ಹೇಳುತ್ತಾರೆ. ಸರಿ, ಒಪ್ಪೋಣ. ಆದರೆ ಎತ್ತುವವರು ಯಾರು ಎಂಬ ಮುಖ್ಯ ಸಂಗತಿಯನ್ನು ಮಾತ್ರ ಒಬ್ಬ ಮಹಾರಾಯನೂ ಹೇಳುವುದಿಲ್ಲ. ಇರುವೆಗೆ ಸಕ್ಕರೆಯ ಕಾಳು ಪೋರ್ಟೇಬಲ್; ಆನೆಗೆ ಸಾಗುವಾನಿಯ ದಿಮ್ಮಿ ಪೋರ್ಟೇಬಲ್. ನಮ್ಮ ಮನೆಗೆ ಬಂದ ಟೈಪರೈಟರ್ ಎರಡನೆಯ ಪಂಗಡದ್ದು. ಅದನ್ನು ಮೊದಲ ಸಲ ನೆಲದಿಂದ ಎತ್ತಿದ ದಿನ ನಾನು ಅರ್ಧ ಇಂಚು ಗಿಡ್ಡನಾದೆ. ಸುಳ್ಳಲ್ಲ; ಅವತ್ತಿನಿಂದ ನನ್ನ ಪ್ಯಾಂಟುಗಳೆಲ್ಲ ನೆಲ ಗುಡಿಸತೊಡಗಿದವು. ಇದಕ್ಕೆ ಕಾರಣ ಯಾರು? ನಾನಂತೂ ಅಲ್ಲ. ಪೂರ್ತಿ ಕೇಳಿ, ಆಮೇಲೆ ನೀವೇ ನ್ಯಾಯ ಹೇಳಿ.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೆಯ ಇಸವಿ. ಖಾನಾಪುರದ ಒಂದು ಸರಕಾರಿ ಕಚೇರಿಯಲ್ಲಿ (ಯಾವುದೆಂದು ಕೇಳಬೇಡಿ, ನನ್ನ ಪಿಂಚಣಿ ಇನ್ನೂ ಅಲ್ಲಿಂದಲೇ ಹೊರಡಬೇಕು) ನಾನು ಹದಿನೇಳು ವರ್ಷದಿಂದ ಗುಮಾಸ್ತ. ನಮ್ಮದು ಕುರಿ ಕಾಯುವ ಮನೆತನ. ನಮ್ಮಪ್ಪ ನನ್ನನ್ನು ಸಾಲೆಗೆ ಹಾಕಿದ್ದರಿಂದ ನಾನು ಕುರಿ ಬಿಟ್ಟು ಫೈಲು ಕಾಯತೊಡಗಿದೆ. ಕುರಿ ಕಳೆದರೆ ಹುಡುಕಬೇಕು, ಫೈಲು ಕಳೆದರೆ ಹುಡುಕಬೇಕಿಲ್ಲ, ಉಳಿದದ್ದೆಲ್ಲ ಒಂದೇ. ಮನೆಯಿಂದ ಕಚೇರಿಗೆ ನಲವತ್ತೊಂದು ಹೆಜ್ಜೆ. ಮಧ್ಯಾಹ್ನ ಮನೆಗೆ ಬಂದು ಬಿಸಿ ರೊಟ್ಟಿ ತಿಂದು, ಒಂದು ನಿದ್ದೆ ತೆಗೆದು, ಮುಖ ತೊಳೆದು ಹೋದರೂ ಕಚೇರಿಯ ಗಡಿಯಾರ ನನ್ನ ಮುಖ ನೋಡಿ ತಾನೇ ನಾಚಿಕೊಳ್ಳುತ್ತಿತ್ತು.

ಇಂಥ ಸ್ವರ್ಗಕ್ಕೆ ಹೊಸ ಸಾಹೇಬರು ಬಂದರು. ಬಂದ ಮೂರನೆಯ ದಿನ ನನ್ನನ್ನೂ ನನ್ನ ಪಕ್ಕದ ಕುರ್ಚಿಯ ನಾಗಲಿಂಗನನ್ನೂ ಎದುರಿಗೆ ನಿಲ್ಲಿಸಿಕೊಂಡರು.

“ಇನ್ನು ಮುಂದ ಎಲ್ಲಾ ಕಾಗದ ಕನ್ನಡದಾಗ ಟೈಪ್ ಆಗಬೇಕು. ಇಲ್ಲಿ ಗುಮಾಸ್ತರು ನೀವಿಬ್ಬರ, ಇಬ್ಬರಿಗೂ ಟೈಪ್ ಬರಾಂಗಿಲ್ಲ. ವರ್ಷದೊಳಗ ಪರೀಕ್ಷಾ ಪಾಸಾಗ್ರಿ. ಫೇಲಾದಾಂವ ಲೋಂಡಾಕ್ಕ ಹೋಗ್ತಾನ.”

ಲೋಂಡಾ ಕೆಟ್ಟ ಊರೆಂದು ನಾನು ಹೇಳುವುದಿಲ್ಲ. ಹುಬ್ಬಳ್ಳಿಯ ರೈಲೂ ಗೋವಾದ ರೈಲೂ ಅಲ್ಲಿ ಭೇಟಿಯಾಗುತ್ತವೆ; ರೈಲುಗಳಿಗೆ ಬಲು ಒಳ್ಳೆಯ ಊರು. ಆದರೆ ನಾನು ರೈಲಲ್ಲ. ಸುತ್ತ ಕಾಡು. ಮಳೆಗಾಲದಲ್ಲಿ ಅಲ್ಲಿ ಛತ್ರಿ ಬಿಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಛತ್ರಿಯ ಮೇಲೆ ಅಣಬೆ, ಮಲಗಿದವನ ಮೀಸೆಯಲ್ಲಿ ಪಾಚಿ. ಅಲ್ಲಿ ನಲವತ್ತೊಂದು ಹೆಜ್ಜೆಯಲ್ಲಿ ರೊಟ್ಟಿ ಕೊಡುವವರು ಯಾರು? ಮಧ್ಯಾಹ್ನದ ನಿದ್ದೆಯ ಗತಿಯೇನು? ಈ ಎರಡು ಪ್ರಶ್ನೆಗಳು ನನ್ನ ಎದೆಗೆ ಈಟಿಯಂತೆ ಚುಚ್ಚಿದವು. ನಾಗಲಿಂಗನಿಗೆ ಏನೂ ಚುಚ್ಚಲಿಲ್ಲ. “ನೋಡೂಣು ತಗೋರಿ,” ಎಂದು ಎಲೆಗೆ ಸುಣ್ಣ ಹಚ್ಚಿದ.

ಟೈಪಿಂಗ್ ಕಲಿಸುವವರು ಇರುವುದು ಬೆಳಗಾವಿಯಲ್ಲಿ. ನಲವತ್ತೇಳರ ವಯಸ್ಸಿನಲ್ಲಿ ದಿನಾ ಸಂಜೆ ರೈಲು ಹತ್ತಿ, ಹದಿನೆಂಟರ ಹುಡುಗಿಯರ ನಡುವೆ ಕುಳಿತು ಬೆರಳು ಕುಟ್ಟಲೇ? ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ಒಂದು ಸಣ್ಣ, ಹಗುರ, ಚೆಂದದ ಪೋರ್ಟೇಬಲ್ ಟೈಪರೈಟರ್! ಪರೀಕ್ಷೆಯ ಅಭ್ಯಾಸಕ್ಕೂ ಆಯಿತು, ದಿನದ ಕೆಲಸಕ್ಕೂ ಆಯಿತು. ಪರೀಕ್ಷೆಯ ದಿನ ಮಿಷನ್ನನ್ನು ನಾವೇ ಒಯ್ಯಬೇಕೆಂಬ ನಿಯಮ ಬೇರೆ ಇತ್ತು. ಹೆಂಡತಿ ಸಾವಂತ್ರವ್ವನಿಗೆ ವಿಷಯ ಅರುಹಿದೆ. ಅವಳು ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ.

“ಮಿಷನ್ ತರೂದ ತರೂಣು. ಆದ್ರ ನೀವು ಆರಿಸಬ್ಯಾಡ್ರಿ.”

“ಯಾಕ?”

“ನೀವು ಆರಿಸಿದ ಕಲ್ಲಂಗಡಿ ಒಳಗ ಬೆಳ್ಳಗ. ನೀವು ಆರಿಸಿದ ಹ್ಯಾಟಿ ಕೋಳಿ ದೊಡ್ಡದಾಗಿ ಹುಂಜ ಆತು. ಒಂದರ ನೆಟ್ಟಗ ಆರಿಸೀರೇನು?”

ನಾನು ಬ್ರಹ್ಮಾಸ್ತ್ರ ಬಿಟ್ಟೆ. “ನಿನ್ನ ಆರಿಸಿದಾಂವ ನಾನ ಅಲ್ಲೇನು?”

“ನನ್ನ ಆರಿಸಿದಾಕಿ ನಿಮ್ಮವ್ವ. ನೀವು ಅವತ್ತ ಮೂಲ್ಯಾಗ ಕುಂತ ಚುರುಮುರಿ ತಿನ್ನಾಕತ್ತಿದ್ರಿ.”

(ತಿನ್ನುತ್ತಿದ್ದದ್ದು ಖರೆ. ಆದರೆ ಇಪ್ಪತ್ತೆರಡು ವರ್ಷ ಕಳೆದ ಮೇಲೂ ಒಬ್ಬ ಹೆಂಗಸು ಒಂದು ಪೊಟ್ಟಣ ಚುರುಮುರಿಯನ್ನು ನೆನಪಿಟ್ಟುಕೊಳ್ಳುವುದು ಯಾವ ನ್ಯಾಯ?)

“ನಮ್ಮ ಅಣ್ಣನ್ನ ಕರಕೊಂಡ ಹೋಗೂಣು,” ಎಂದು ಅವಳು ತೀರ್ಪು ಕೊಟ್ಟಳು. “ಆರಿಸೂದಂದ್ರ ಅಂವಾ.”

ಅವಳ ಅಣ್ಣ ಕರೆಪ್ಪನಿಗೆ ಇನ್ನೂರು ಕುರಿ, ಒಂದು ಕಂಬಳಿ, ಹಿಡಿ ತುಂಬ ಮೀಸೆ. ಕಣ್ಣು ಕಟ್ಟಿ ಕುರಿಯ ಬೆನ್ನ ಮೇಲೆ ಕೈ ಇಡಿಸಿದರೆ, ಅದರ ಅಜ್ಜಿ ಯಾವ ಸಂತೆಯಲ್ಲಿ ಮಾರಾಟವಾಗಿದ್ದಳೆಂದು ಹೇಳುವಂಥ ಗಟ್ಟಿಗ. ಕುರಿಯ ವಿಷಯದಲ್ಲಿ ನಾನು ಅವನಿಗೆ ಸಾಷ್ಟಾಂಗ ಬೀಳುತ್ತೇನೆ. ಆದರೆ ಟೈಪರೈಟರ್ ಕುರಿಯಲ್ಲ ಎಂಬುದನ್ನು ಅಣ್ಣ-ತಂಗಿ ಇಬ್ಬರಿಗೂ ತಿಳಿಸಿ ಹೇಳುವ ಎದೆ ನನಗಿರಲಿಲ್ಲ.

ಬೆಳಗಾವಿಯ ಶಹಾಪುರದಲ್ಲಿ ಸನಾಉಲ್ಲಾ ಎಂಬ ಹಿರಿಯರು ಟೈಪರೈಟರ್ ದುರಸ್ತಿ ಮಾಡುತ್ತಿದ್ದರು, ಹಳೆಯವನ್ನು ಮಾರುತ್ತಲೂ ಇದ್ದರು. ಸುತ್ತ ನಾಲ್ಕು ಕಡೆ ಮಗ್ಗಗಳ ಖಟಕ್ ಖಟಕ್. ಮಾತಾಡಬೇಕಾದರೆ ಎದುರಿನವನ ಕಿವಿ ಕಡ ತಗೊಂಡಂತೆ ಹತ್ತಿರ ಎಳೆದುಕೊಳ್ಳಬೇಕು. ಅವರು ಮೂರು ಕನ್ನಡ ಮಿಷನ್ ತೋರಿಸಿದರು. ಒಂದು ಆಕಾಶ ಬಣ್ಣದ್ದು. ಅಯ್ಯೋ, ಅದನ್ನು ನೋಡಿದ್ದೇ ನನಗೆ ಚುರುಮುರಿ ತಿನ್ನುವ ವಯಸ್ಸು ಮರಳಿ ಬಂತು. ಟಿಫಿನ್ ಡಬ್ಬಿಯಷ್ಟು ಹಗುರ. ಒಂದು ‘ಬ’ ಒತ್ತಿದೆ, ಬೆಣ್ಣೆಯಲ್ಲಿ ಬೆರಳಿಟ್ಟಂತಾಯಿತು. ಇನ್ನೊಂದು ಬೂದು ಬಣ್ಣದ್ದು, ಸಾಧಾರಣ. ಮೂರನೆಯದು ಮೂಲೆಯಲ್ಲಿ ಕರ್ರಗೆ ಕುಳಿತಿತ್ತು. ಅದನ್ನು ಎರಕ ಹೊಯ್ದವರು ರೈಲಿನ ಎಂಜಿನ್ ಮಾಡಲು ಹೊರಟು, ನಡುವೆ ಮನಸ್ಸು ಬದಲಿಸಿದಂತಿತ್ತು.

“ಇದೂ ಪೋರ್ಟೇಬಲ್ಲೇನ್ರೀ?” ಎಂದು ಕೇಳಿದೆ.

“ಹಿಡಿಕಿ ಐತಲ್ರೀ ಸಾಹೇಬ್ರ,” ಎಂದರು ಸನಾಉಲ್ಲಾ, ಅದರ ಮರದ ಪೆಟ್ಟಿಗೆ ತೋರಿಸುತ್ತ. “ಪೆಟಿಗಿಗೆ ಹಿಡಿಕಿ ಐತಿ ಅಂದಮ್ಯಾಲೆ ಪೋರ್ಟೇಬಲ್ಲೇ. ಹಿಂದಿನ ಮಾಲಕರು ಊರೂರಿಗೆ ಒಯ್ತಿದ್ರು.”

“ಹೆಂಗ ಒಯ್ತಿದ್ರು?”

“ಚಕ್ಕಡ್ಯಾಗ.”

ಕರೆಪ್ಪ ಕಂಬಳಿ ಕೆಳಗಿಟ್ಟು ಮುಂದೆ ಬಂದ. ಮೊದಲು ನನ್ನ ಆಕಾಶ ಬಣ್ಣದ ಚೆಲುವೆಯ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎತ್ತಿದ. ಕಣ್ಣು ಮುಚ್ಚಿದ. ಮುಖ ಹುಳ್ಳಗಾಯಿತು.

“ಹೊಟ್ಟ್ಯಾಗ ಏನೂ ಇಲ್ಲ. ಜಂತ ಆಗ್ಯಾವ ಇದಕ್ಕ.”

“ಜಂತ ಅಲ್ಲಪಾ, ಅದು ಹಗುರ ಇರೂದ—”

“ಮಾವಾ, ನೀ ಸುಮ್ನಿರು. ಹಗುರ ಇದ್ದದ್ದು ಎಂದಾರ ಬದುಕೇತೇನು? ಮೊದಲನೇ ಮಳಿಗೆ ಕೆಮ್ಮಿ ಸಾಯ್ತೈತಿ.”

“ಅಣ್ಣ ಅನ್ನೂದು ಖರೇನ,” ಎಂದಳು ಸಾವಂತ್ರವ್ವ. “ಮಾರಿ ನೋಡ್ರಿ, ಹೆಂಗ ಬಿಳಚಿಕೊಂಡೈತಿ.”

ಬೂದು ಬಣ್ಣದ್ದನ್ನು ಸುತ್ತು ಹಾಕಿ ನೋಡಿ, ಹಿಂದಿನ ಎಡಗಾಲು ಗಿಡ್ಡ ಎಂದು ತಳ್ಳಿಹಾಕಿದ. (ಆ ಕಾಲಿನ ರಬ್ಬರಿನ ಬಿಲ್ಲೆ ಬಿದ್ದುಹೋಗಿತ್ತು, ನಾಲ್ಕಾಣೆಯ ಸಾಮಾನು.) ಆಮೇಲೆ ಕರಿಯನ ಕಡೆ ತಿರುಗಿದ. ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕುರಿಯ ವಯಸ್ಸು ಎಣಿಸುವಂತೆ ಬಾಯಿ ನೋಡಿದ.

“ಎಷ್ಟ ಹಲ್ಲಿಂದರೀ ಇದು?”

ಸನಾಉಲ್ಲಾ ಕನ್ನಡಕ ಮೇಲೇರಿಸಿದರು. ನಲವತ್ತು ವರ್ಷದ ವ್ಯಾಪಾರದಲ್ಲಿ ಇಂಥ ಪ್ರಶ್ನೆ ಬಂದಿರಲಿಕ್ಕಿಲ್ಲ. ಆದರೂ ವ್ಯಾಪಾರಿ ಎಂದರೆ ವ್ಯಾಪಾರಿ. “ನಲವತ್ತಾರು ಹಲ್ಲು ಭಾಯಿ. ಒಂದೂ ಅಲಗ್ಯಾಡೂದಿಲ್ಲ.”

“ನಲವತ್ತಾರು!” ಕರೆಪ್ಪನ ಮೀಸೆ ನಿಮಿರಿತು. “ಟಗರಿಗೂ ಮುಂದಿನ ಹಲ್ಲು ಎಂಟ ಇರ್ತಾವು.”

ಹೊಟ್ಟೆಯ ಕೆಳಗೆ ಅಂಗೈ ಕೊಟ್ಟ. ಒಂದು ಅಂಗೈ ಸಾಲಲಿಲ್ಲ, ಎರಡೂ ಕೊಟ್ಟ. ಎತ್ತಿದ. ಆಗ ಅವನ ಮುಖದಲ್ಲಿ ಮೂಡಿದ ಆನಂದವನ್ನು ನಾನು ನನ್ನ ಮದುವೆಯ ದಿನವೂ ಕಂಡಿರಲಿಲ್ಲ. “ಹ್ಞಾ! ಇದು ತಿಂದ ಉಂಡ ಜೀವ!” ಅಷ್ಟರಲ್ಲಿ ಅವನ ಮೊಣಕೈ ತಾಗಿ ಮಿಷನ್ನಿನ ಕಾಗದ ಹಿಡಿಯುವ ಉರುಳೆ ಸರ್ರನೆ ಕೊನೆಗೆ ಹೋಗಿ, ಟಣ್ ಎಂದು ಗಂಟೆ ಬಾರಿಸಿತು. ನಾಲ್ಕು ಕಡೆಯ ಮಗ್ಗಗಳು ಒಂದು ಕ್ಷಣ ನಿಂತವು. ನೇಕಾರರು ಊಟದ ಹೊತ್ತಾಯಿತೆಂದು ಎದ್ದರು.

“ಗಂಟಿನೂ ಕಟ್ಯಾರ!” ಎಂದ ಕರೆಪ್ಪ. “ಎಲ್ಲಿ ತಪ್ಪಿಸಿಕೊಂಡ ಹೋದ್ರೂ ಸಿಕ್ತೈತಿ.”

ಅದು ಎಲ್ಲಿಗೂ ಹೋಗುವುದಿಲ್ಲ, ಹತ್ತು ಜನ ತಳ್ಳಿದರೂ ಹೋಗುವುದಿಲ್ಲ ಎಂದು ನಾನು ಕಿರುಚಿದೆ. ಮಗ್ಗಗಳು ಮತ್ತೆ ಶುರುವಾಗಿದ್ದವು. ನನ್ನ ಮಾತು ಅವುಗಳ ಹಾಸಿನಲ್ಲೇ ಹೊಕ್ಕು ಸೀರೆಯಾಗಿ ಹೋಯಿತು.

ಇಷ್ಟಾದರೂ ಸಹಿಸುತ್ತಿದ್ದೆ. ಸನಾಉಲ್ಲಾ ಮಿಷನ್ನನ್ನು ಹಿಡಿಕೆಯ ಪೆಟ್ಟಿಗೆಯಲ್ಲಿಡಲು ಹೋದರು. ಕರೆಪ್ಪ ಅವರ ಕೈ ಹಿಡಿದ.

“ಪೆಟಿಗಿ ನಿಮ್ಮ ಕಡೇನ ಇರಲಿ ಚಾಚಾ. ಕುರಿ ಕೊಟ್ಟಾಂವ ಹಗ್ಗ ಕೊಡಬಾರದು, ಕೊಂಡಾಂವ ಒಯ್ಯಬಾರದು. ಹಳೇ ಹಗ್ಗದ ಕೂಡ ಕೊಟ್ಟವರ ಲಕ್ಷ್ಮೀನೂ ಹೋಗ್ತಾಳ, ಕೊಂಡವರ ಮನ್ಯಾಗೂ ನಿಲ್ಲೂದಿಲ್ಲ.”

“ಅರೇ ಭಾಯಿ, ಹಿಡಿಕಿ ಇರೂದು ಪೆಟಿಗಿಗೆ! ಪೆಟಿಗಿ ಬಿಟ್ರ ಇದು ಪೋರ್ಟೇಬಲ್ ಹೆಂಗಾದೀತು?”

“ನಮ್ಮ ಹಗ್ಗ ನಾವು ತಂದೀವಿ,” ಎಂದು ಕರೆಪ್ಪ ಕಂಬಳಿ ಬಿಚ್ಚಿದ. ಸನಾಉಲ್ಲಾ ನನ್ನ ಮುಖ ನೋಡಿದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಅಣ್ಣನ ಮುಖ ನೋಡುತ್ತ ಧನ್ಯಳಾಗಿ ನಿಂತಿದ್ದಳು. ಹೀಗೆ ಲೋಕದ ಏಕಮಾತ್ರ ಹಿಡಿಕೆಯಿಲ್ಲದ ಪೋರ್ಟೇಬಲ್ ನನ್ನ ಪಾಲಿಗೆ ಬಂತು.

ಖಾನಾಪುರದ ಪ್ಯಾಸೆಂಜರಿನಲ್ಲಿ ಅದು ಕಂಬಳಿ ಹೊದ್ದು ಕರೆಪ್ಪನ ತೊಡೆಯ ಮೇಲೆ ಮಲಗಿತು. ಗಾಡಿ ಕುಲುಕಿದಾಗೊಮ್ಮೆ ಟಣ್ ಎನ್ನುತ್ತಿತ್ತು. ಎದುರಿಗೆ ಕುಳಿತ ಮುದುಕಿಯೊಬ್ಬಳು ಕನಿಕರದಿಂದ, “ಮರಿಗೆ ಆರಾಮಿಲ್ಲೇನಪಾ?” ಎಂದು ಕೇಳಿ ತನ್ನ ಬುಟ್ಟಿಯಿಂದ ಒಂದು ಹಿಡಿ ಮೆಂತ್ಯದ ಸೊಪ್ಪು ಕೊಟ್ಟಳು. ಕರೆಪ್ಪ ಇಸಿದುಕೊಂಡ. ನಾನು ಕಿಟಕಿಯ ಹೊರಗೆ ನೋಡಿದೆ.

ಮನೆಗೆ ಬಂದ ಮೇಲಾದರೂ ಅಭ್ಯಾಸ ಶುರುವಾಯಿತೇ? ಎಲ್ಲಿಯದು! ಹೊಸ ಜೀವ, ಹೊಸ ನೀರು, ಒಗ್ಗುವ ತನಕ ಎಂಟು ದಿನ ಮೈಗೆ ಕೈ ಹಚ್ಚಕೂಡದೆಂದು ಕರೆಪ್ಪನ ಅಪ್ಪಣೆ. ಇಟ್ಟ ಮೇಜು ಎರಡೇ ದಿನಕ್ಕೆ ಕಾಲು ಚಾಚಿತು. ಕಡೆಗೆ ಬೀಸುಕಲ್ಲಿನ ಮೇಲೆ ಪ್ರತಿಷ್ಠಾಪನೆ. ಒಂಬತ್ತನೆಯ ದಿನ ನಾನು ಪಾಠದ ಪುಸ್ತಕ ಬಿಚ್ಚಿ ಬೆರಳು ಇಟ್ಟೆನೋ ಇಲ್ಲವೋ, ಪಕ್ಕದ ಮನೆಯ ಗೌರವ್ವ ಬಂದಳು. ನಳ ಕೆಟ್ಟಿದೆ, ಪಂಚಾಯತಿಗೆ ಅರ್ಜಿ ಬೇಕು.

“ನಾ ಪರೀಕ್ಷಾಕ್ಕ ಓದಾಕತ್ತೀನಿ,” ಎಂದೆ.

“ಒಳ್ಳೇ ಟಗರನ್ನ ಮನ್ಯಾಗ ಕಟ್ಟಿಕೊಂಡ ಕುಂದ್ರಬಾರದ್ರೀ,” ಎಂದಳು ಸಾವಂತ್ರವ್ವ. “ಓಣಿ ಮಂದಿಗೂ ಕೊಡಬೇಕು. ಕುಂದರ್ರಿ ಗೌರವ್ವಾರ, ಬರಕೊಡ್ತಾರ.”

ಅಲ್ಲಿಂದ ಶುರುವಾಯಿತು ನೋಡಿ. ಶಾಹಜಾನಬಿಯ ರೇಷನ್ ಕಾರ್ಡು. ಕಾಶವ್ವನ ಮನೆಯ ಮೇಲೆ ಬಾಗಿದ ಹುಣಸೆ ಮರ. ಒಬ್ಬನ ನಾಯಿ ಇನ್ನೊಬ್ಬನನ್ನು ಕಚ್ಚಿದ್ದು. ಇನ್ನೊಬ್ಬ ನಾಯಿಗೆ ಕಲ್ಲು ಹೊಡೆದದ್ದು. ಎರಡೂ ಕಡೆಯ ಅರ್ಜಿ ನನ್ನವೇ. ಎಂಟು ತಿಂಗಳಲ್ಲಿ ಖಾನಾಪುರದ ಕಷ್ಟವೆಲ್ಲ ನನ್ನ ಎರಡು ಬೆರಳುಗಳ ಮೂಲಕ ಹರಿಯಿತು. ಬದನೆಕಾಯಿ, ಮೊಸರು, ಶೇಂಗಾ ಕಾಣಿಕೆ ಬಂದದ್ದು ಸಾವಂತ್ರವ್ವನಿಗೆ. ಬೆರಳಿಗೆ ಬಾವು ಬಂದದ್ದು ನನಗೆ. ಆ ಮಿಷನ್ನಿನ ಒಂದು ಅಕ್ಷರ ಒತ್ತುವುದೆಂದರೆ ಭಾವಿಯಿಂದ ಒಂದು ಕೊಡ ನೀರು ಸೇದಿದಂತೆ. ಒತ್ತಕ್ಷರಕ್ಕೆ ಎರಡು ಕೊಡ. ಪಾಠದ ಪುಸ್ತಕ ಒಂದನೆಯ ಪುಟ ದಾಟಲಿಲ್ಲ. ಲೋಂಡಾದ ರೈಲಿನ ಸೀಟಿ ಕೇಳಿದರೆ ನನಗೆ ಬೆವರು ಬರುತ್ತಿತ್ತು.

ಪರೀಕ್ಷೆಯ ದಿನ ಬಂತು. ಬೆಳಗಾವಿಯ ಒಂದು ಸಾಲೆಯಲ್ಲಿ, ಎರಡನೆಯ ಮಹಡಿಯಲ್ಲಿ. ಸಾವಂತ್ರವ್ವ ತಲೆಗೆ ಸಿಂಬಿ ಇಟ್ಟು, ಮಿಷನ್ನನ್ನು ಕಟ್ಟಿಗೆಯ ಹೊರೆಯಂತೆ ಹೊತ್ತು, ಸ್ಟೇಶನ್ನಿನಿಂದ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಕೈಯನ್ನೂ ಹಚ್ಚಿರಲಿಲ್ಲ ಆ ಪುಣ್ಯಾತ್ಗಿತ್ತಿ. ಸಾಲೆಯ ಗೇಟಿನಲ್ಲಿ ನೋಡುತ್ತೇನೆ, ಹುಡುಗ ಹುಡುಗಿಯರೆಲ್ಲ ಸಣ್ಣ ಸಣ್ಣ ಮಿಷನ್ ಬೆರಳಲ್ಲಿ ತೂಗಾಡಿಸುತ್ತ ನಿಂತಿದ್ದಾರೆ. ಅವರೆದುರು ಹೆಂಡತಿಯ ತಲೆಯ ಮೇಲೆ ನನ್ನ ಭವಿಷ್ಯ! ನನ್ನ ಗಂಡಸುತನ ಕೆರಳಿತು.

“ಇಳಸು. ನಾ ಒಯ್ತೀನಿ.”

“ಬ್ಯಾಡ್ರಿ. ಮ್ಯಾಲಿನ ತನಕ ನಾನ ಬರ್ತೀನಿ.”

“ಇಳಸಂದ್ರ ಇಳಸು!”

ಇಳಿಸಿದಳು. ಆ ಮೆಟ್ಟಿಲುಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹತ್ತುವಾಗ ಮೊದಲನೆಯ ಮಹಡಿಯಲ್ಲಿ ನಮ್ಮಪ್ಪ ಕಂಡರು, ಎರಡನೆಯದರಲ್ಲಿ ಅಜ್ಜ ಮುತ್ತಜ್ಜರೆಲ್ಲ ಕಂಬಳಿ ಹೊದ್ದು ನನ್ನನ್ನು ಕರೆಯುತ್ತ ನಿಂತಿದ್ದರು. ಕುರ್ಚಿಯ ಮೇಲೆ ಬಿದ್ದಾಗ ನನ್ನ ಎರಡು ಕೈ ಎರಡು ಬೇರೆ ಊರಿನವರಂತೆ ಬೇರೆ ಬೇರೆ ತಾಳದಲ್ಲಿ ನಡುಗುತ್ತಿದ್ದವು. ಮುಗಿಯಿತು, ಲೋಂಡಾ ಖಾತ್ರಿ ಎಂದುಕೊಂಡೆ. ಪ್ರಶ್ನೆಪತ್ರಿಕೆ ಕೊಟ್ಟರು. ಕಣ್ಣಗಲಿಸಿ ನೋಡಿದೆ.

‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಓಣಿಯ ನಳವು...’

ಗೌರವ್ವನ ಅರ್ಜಿ! ಹೆಚ್ಚೂ ಕಡಿಮೆ ಅದೇ ನಳ, ಅದೇ ಓಣಿ, ಅದೇ ‘ತಮ್ಮ ನಂಬುಗೆಯ’. ಇಂಥದನ್ನು ನಾನು ಇನ್ನೂರು ಸಲ ಬಡಿದಿದ್ದೆ. ನನ್ನ ಬೆರಳುಗಳು ನನ್ನನ್ನು ಕೇಳಲೂ ಇಲ್ಲ. ಹೊಲದಿಂದ ಮನೆಗೆ ಹೊರಟ ಎತ್ತಿನಂತೆ ತಾವೇ ಹೊರಟವು. ಪ್ರತಿ ಸಾಲಿನ ಕೊನೆಗೆ ನನ್ನ ಗಂಟೆ ಟಣ್ ಎಂದು ಕಟ್ಟಡವನ್ನೇ ನಡುಗಿಸಿತು. ಪಕ್ಕದ ಕೋಣೆಯಲ್ಲಿ ನಾಗಲಿಂಗ ಕುಳಿತಿದ್ದ. ಆ ಗಂಟೆಗೆ ಹೊತ್ತು ಮುಗಿಯಿತೆಂದು ತಿಳಿದು ಅವನೂ ಇನ್ನು ಹನ್ನೊಂದು ಮಂದಿಯೂ ಅರ್ಧ ಕಾಗದ ಕೊಟ್ಟು ಚಹಾ ಕುಡಿಯಲು ಹೋಗಿಬಿಟ್ಟರಂತೆ.

ಎರಡು ತಿಂಗಳಿಗೆ ಫಲಿತಾಂಶ. ನಮ್ಮ ಕಚೇರಿಯಿಂದ ಪಾಸಾದವನು ನಾನೊಬ್ಬನೇ! ಸಾವಂತ್ರವ್ವ ಬೆಳಗಾವಿಯಿಂದ ಕುಂದಾ ತರಿಸಿ ಓಣಿಗೆಲ್ಲ ಹಂಚಿದಳು. ಕರೆಪ್ಪ ಬಂದು ಮಿಷನ್ನಿನ ಬೆನ್ನು ಚಪ್ಪರಿಸಿ (ನನ್ನ ಬೆನ್ನನ್ನಲ್ಲ), “ನಾ ಹೇಳಿದ್ನಿಲ್ಲೋ?” ಎಂದ. ನಾನು ನಲವತ್ತೊಂದು ಹೆಜ್ಜೆಯನ್ನು ಅಂದು ಮೆರವಣಿಗೆಯಂತೆ ನಡೆದು ಸಾಹೇಬರ ಎದುರು ನಿಂತೆ. ಫೇಲಾದ ನಾಗಲಿಂಗನ ಕಡೆ ಕರುಣೆಯ ಒಂದು ನೋಟವನ್ನೂ ದಯಪಾಲಿಸಿದೆ.

“ಬರ್ರಿ ಬೀರಣ್ಣಾರ,” ಎಂದು ಸಾಹೇಬರು ಎದ್ದು ಕೈ ಕುಲುಕಿದರು. “ಲೋಂಡಾ ಆಫೀಸಿನವರು ಎರಡ ವರ್ಷದಿಂದ ಕನ್ನಡ ಟೈಪಿಸ್ಟ್ ಬೇಕು ಅಂತ ಹೊಯ್ಕೊಳ್ಳಾಕತ್ತಾರ. ಅಲ್ಲಿ ಟೈಪ್ ಬರೂ ಮನಶ್ಯಾನೂ ಇಲ್ಲ, ಮಿಷನ್ನೂ ಇಲ್ಲ. ದೇವರಂಗ ಸಿಕ್ಕೀರಿ ನೀವು. ಇಲ್ಲಿಯ ಕಾಗದ ಸದ್ಯಕ್ಕ ನಾಗಲಿಂಗ ಕೈಲೆ ಬರೀತಾನ. ಸೋಮವಾರ ಹೊರಡ್ರಿ.”

ಕುಲುಕಿದ ಕೈಯನ್ನು ನಾನು ಥಟ್ಟನೆ ಹಿಂದಕ್ಕೆ ಎಳೆದುಕೊಂಡೆ.

“ಸಾಹೇಬ್ರ! ಫೇಲಾದಾಂವ ಲೋಂಡಾಕ್ಕ ಅಂದಿದ್ರಿ!”

“ಅಂದಿದ್ದೆ. ಅದು ನೀವು ಕಲೀಲಿ ಅಂತ ಅಂಜಿಸಿದ್ದು. ಫೇಲಾದಾಂವನ್ನ ಅಲ್ಲಿ ಕಳಿಸಿ ಏನ ಉಪಯೋಗ? ನಾಗಲಿಂಗ ಅಲ್ಲಿ ಹೋಗಿ ಎಲಿ ತಿನ್ನಬೇಕೇನು?”

“ಮಿಷನ್ ಭಾಳ ಭಾರ ಐತ್ರಿ. ಒಯ್ಯಾಕ ಬರಾಂಗಿಲ್ಲ.”

ಸಾಹೇಬರು ನನ್ನ ಪರೀಕ್ಷೆಯ ಅರ್ಜಿ ತೆಗೆದು ಮುಂದೆ ಹಿಡಿದರು. ನನ್ನದೇ ದುಂಡು ಅಕ್ಷರ: ‘ಸ್ವಂತ ಯಂತ್ರ. ಪೋರ್ಟೇಬಲ್.’

“ನೀವ ಬರದೀರಲ್ಲ? ಹಾಂ, ಇನ್ನೊಂದ ಮಾತು. ವರ್ಗಾವಣೆ ಆದೇಶ ಟೈಪ್ ಆಗಬೇಕು. ನಮ್ಮಲ್ಲಿ ಟೈಪ್ ಬರೂದು ನಿಮಗೊಬ್ಬರಿಗೇ. ಮನ್ಯಾಗ ಬಡದು, ನಾಳೆ ಮುಂಜಾನೆ ಮೂರ ಪ್ರತಿ ತಂದಕೊಡ್ರಿ.”

ನೀವೇ ಹೇಳಿ, ಇದು ನ್ಯಾಯವೇ? ತಾನು ಹೋಗುವ ಲೋಂಡಾಕ್ಕೆ ತಾನೇ ಆದೇಶ ಬಡಿದುಕೊಂಡ ಮನುಷ್ಯ ಈ ಭೂಮಂಡಲದಲ್ಲಿ ಇನ್ನೊಬ್ಬನಿದ್ದರೆ ತೋರಿಸಿ. ಸಂಜೆ ಬೀಸುಕಲ್ಲಿನ ಮುಂದೆ ಕುಳಿತೆ. ನನ್ನ ಹೆಸರಿನ ಜಾಗದಲ್ಲಿ ನಾಗಲಿಂಗನ ಹೆಸರು ಬಡಿಯೋಣವೆಂದು ಮನಸ್ಸು ಮಾಡಿದ್ದೆ. ಆದರೆ ಆ ದರಿದ್ರ ಬೆರಳುಗಳು ಎಂಟು ತಿಂಗಳಲ್ಲಿ ಎಷ್ಟು ಪ್ರಾಮಾಣಿಕವಾಗಿಬಿಟ್ಟಿದ್ದವೆಂದರೆ, ಕೊಟ್ಟದ್ದನ್ನು ಕೊಟ್ಟ ಹಾಗೆ, ಒಂದು ಕೊಂಬು ದೀರ್ಘವೂ ತಪ್ಪದೆ, ನನ್ನನ್ನು ಲೋಂಡಾಕ್ಕೆ ಅಟ್ಟಿದವು.

ಸಾವಂತ್ರವ್ವ ಕಾಗದ ಎಳೆದುಕೊಂಡು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಕೊನೆಯ ತನಕ ಓದಿದಳು. ಓದಿ ಮುಗಿಸಿ ನನ್ನ ಕಡೆ ತಿರುಗಿದಳು.

“ಖಾನಾಪುರದಾಗ ಇರಾಕ ಬರೇ ಫೇಲಾದ್ರ ಸಾಕಿತ್ತು,” ಎಂದಳು. “ಅಷ್ಟೂ ಬರಲಿಲ್ಲಲ್ರೀ ನಿಮಗ!”